ಹಳೇ ಜನಗಣತಿಯಲ್ಲಿ ಮುತ್ತಜ್ಜನ ಮನೆ ಹುಡುಕೋದು ಹೇಗೆ? – ಕುಷ್ಟಗಿ, ಹೊಸಪೇಟೆ ಕಡೆ

ಕುಷ್ಟಗಿ ಕಡೆಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ವಂಶಾವಳಿ ಬರೆದಿಡಬೇಕೆಂದು ಹೊರಟಿದ್ದೇನೆ. ಮುತ್ತಜ್ಜನ ತನಕ ಹೆಸರು ಗೊತ್ತು, ಅದರ ಹಿಂದಿನದು ಮನೆಯಲ್ಲಿ ಯಾರಿಗೂ ತಿಳಿಯದು. ತಂದೆ ಕಡೆಯವರು ಕುಷ್ಟಗಿ ತಾಲ್ಲೂಕಿನವರು. ರಜಾಕಾರರ ಗಲಾಟೆಯ ಹೊತ್ತಿನಲ್ಲಿ ಊರು ಬಿಟ್ಟು ಹೊಳೆ ದಾಟಿ ಹೊಸಪೇಟೆ ಕಡೆ ಬಂದರು. ತಾಯಿ ಕಡೆಯ ಊರು ತುಂಗಭದ್ರಾ ಡ್ಯಾಮಿನಲ್ಲಿ ಮುಳುಗಿದೆ.

ಇಂಗ್ಲೆಂಡಿನವರು ನೂರೈವತ್ತು ವರ್ಷದ ಹಿಂದಿನ ಜನಗಣತಿ ಪಟ್ಟಿ ತೆಗೆದರೆ ಮನೆಯವರ ಹೆಸರು, ವಯಸ್ಸು, ಕಸುಬು, ಹುಟ್ಟಿದೂರು ಎಲ್ಲಾ ಸಿಗುತ್ತದಂತೆ. ನಮ್ಮಲ್ಲೂ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ಆಗಿದೆಯಲ್ಲ? 1911 ಅಥವಾ 1931ರ ನಮ್ಮ ಹಳ್ಳಿಯ ಪಟ್ಟಿ ಯಾವ ಕಚೇರಿಯಲ್ಲಿದೆ, ಅರ್ಜಿ ಯಾರಿಗೆ ಹಾಕಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇ ಕಡತ ಉತ್ತರಿಸಿದ್ದು:

ಅರ್ಜಿ ಹಾಕುವ ಮೊದಲೇ ಒಂದು ವಿಷಯ ತಿಳಿದಿರಲಿ: ನೀವು ಕೇಳುವ ಹೆಸರಿನ ಪಟ್ಟಿ ನಮ್ಮಲ್ಲಿ ಉಳಿದಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ವರ್ಷ ಕಳೆಯುವ ಮುಂಚೆ ಇದು ಗೊತ್ತಿರಬೇಕು.

ಇಂಗ್ಲೆಂಡಿನಲ್ಲಿ 1841ರಿಂದ ಹೆಸರು ಸಮೇತ ಪಟ್ಟಿಗಳನ್ನು ಜೋಪಾನ ಮಾಡಿದ್ದಾರೆ, ನೂರು ವರ್ಷ ತುಂಬಿದ ಮೇಲೆ ಜನರಿಗೆ ಬಿಡುತ್ತಾರೆ. 1921ರದ್ದು ಬಂದದ್ದು 2022ರ ಜನವರಿಯಲ್ಲಿ. ಅಲ್ಲೂ 1931ರ ಪಟ್ಟಿ 1942ರ ಬೆಂಕಿಯಲ್ಲಿ ಸುಟ್ಟುಹೋಗಿದೆ, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಿಲ್ಲ.

ನಮ್ಮಲ್ಲಿ ಹೆಸರಿನ ಹಾಳೆ ಲೆಕ್ಕ ಹಾಕುವುದಕ್ಕೆ ಮಾತ್ರ. ಗಣತಿದಾರ ಮನೆ ಬಾಗಿಲ ಮೇಲೆ ನಂಬರು ಬರೆದು, ಮೊದಲೇ ಹಾಳೆ ತುಂಬಿಕೊಂಡು, ಗೊತ್ತುಮಾಡಿದ ರಾತ್ರಿ ತಿರುಗಾಡಿ ತಾಳೆ ನೋಡುತ್ತಿದ್ದ. 1931ರಲ್ಲಿ ಆ ರಾತ್ರಿ ಫೆಬ್ರವರಿ 26. ಆಮೇಲೆ ಹಾಳೆಯಿಂದ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಮಾಡಿ, ಚೀಟಿಗಳನ್ನು ವಿಂಗಡಿಸಿ ಎಣಿಸಿ, ಕೋಷ್ಟಕ ಅಚ್ಚಾದ ಮೇಲೆ ಕಾಗದವನ್ನು ವಿಲೇವಾರಿ ಮಾಡುತ್ತಿದ್ದರು. 1941ರಲ್ಲಂತೂ ಮನೆಯ ಹಾಳೆಯನ್ನೇ ಕೈಬಿಟ್ಟು ನೇರವಾಗಿ ಚೀಟಿಯ ಮೇಲೇ ಬರೆದರು. ಸ್ವಾತಂತ್ರ್ಯದ ನಂತರ 1948ರ ಜನಗಣತಿ ಕಾಯ್ದೆ ಬಂತು. ಅದರ 15ನೇ ಕಲಂ ಪ್ರಕಾರ ಗಣತಿದಾರ ಬರೆದ ಪುಸ್ತಕ, ರಿಜಿಸ್ಟರು ನೋಡುವ ಹಕ್ಕು ಯಾರಿಗೂ ಇಲ್ಲ, ಸಿವಿಲ್ ದಾವೆಯಲ್ಲಿ ಸಾಕ್ಷ್ಯವಾಗಿಯೂ ನಡೆಯದು. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಕೇಳಿದರೂ ತಿರಸ್ಕಾರವೇ.

ಹಾಗಂತ ಜನಗಣತಿ ನಿಮಗೆ ಉಪಯೋಗವಿಲ್ಲ ಅಂತಲ್ಲ. ಅಚ್ಚಾದ ಸಂಪುಟಗಳಿವೆ. 1871ರಿಂದೀಚಿನ ಹಳೇ ವರದಿಗಳನ್ನು ಜನಗಣತಿ ಇಲಾಖೆಯ ಜಾಲತಾಣದಲ್ಲೇ ಪುಕ್ಕಟೆ ಇಳಿಸಿಕೊಳ್ಳಬಹುದು. ಅವುಗಳಲ್ಲಿ ವ್ಯಕ್ತಿಯ ಹೆಸರಿಲ್ಲ, ಆದರೆ ನಿಮ್ಮ ಊರು ಯಾವ ವರ್ಷ ಯಾವ ಸರ್ಕಾರದ, ಯಾವ ಜಿಲ್ಲೆಯ ಕೈಕೆಳಗಿತ್ತು ಅನ್ನುವುದು ತಿಳಿಯುತ್ತದೆ. ನಮ್ಮ ಭಾಗದಲ್ಲಿ ಹುಡುಕಾಟ ಗೆಲ್ಲುವುದು, ಸೋಲುವುದು ಇದರ ಮೇಲೇ.

ಕುಷ್ಟಗಿಯನ್ನೇ ತೆಗೆದುಕೊಳ್ಳಿ. ಇವತ್ತು ಕೊಪ್ಪಳ ಜಿಲ್ಲೆ. 1997ರ ತನಕ ರಾಯಚೂರು ಜಿಲ್ಲೆ. 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯ. ಇನ್ನೂ ಹಿಂದೆ, 1905ರ ಮುಂಚೆ, ಅದು ರಾಯಚೂರು ಜಿಲ್ಲೆಯೂ ಅಲ್ಲ: ಲಿಂಗಸುಗೂರೇ ಬೇರೆ ಜಿಲ್ಲೆಯಾಗಿತ್ತು, ಕುಷ್ಟಗಿ, ಗಂಗಾವತಿ, ಸಿಂಧನೂರು, ಸುರಪುರ, ಶಹಾಪುರ ಅದರಲ್ಲಿದ್ದವು. 1881, 1891, 1901ರ ಸಂಪುಟಗಳಲ್ಲಿ ರಾಯಚೂರಿನ ಪುಟ ತೆರೆದು "ನಮ್ಮ ತಾಲ್ಲೂಕೇ ಇಲ್ಲ" ಅಂತ ಕೈಬಿಡುವವರು ಬಹಳ. ಲಿಂಗಸುಗೂರಿನ ಪುಟ ನೋಡಬೇಕು. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗ್ ಜಾಗೀರು. ಜಾಗೀರು ಅಂದರೆ ಕಂದಾಯ ವಸೂಲಿಯ ಹಕ್ಕು ಸರ್ಕಾರದ ಬದಲು ಜಾಗೀರುದಾರನ ಕೈಯಲ್ಲಿದ್ದ ಪ್ರದೇಶ; ಅಲ್ಲಿಯವರಾದರೆ ದಾಖಲೆಯ ದಾರಿಯೇ ಬೇರೆ. ಹಳೇ ಇಂಗ್ಲಿಷ್ ವರದಿಗಳಲ್ಲಿ ಕೊಪ್ಪಳವನ್ನು "ಕೊಪ್‌ಬಾಲ್", "ಕೋಪಲ್" ಅಂತಲೂ ಬರೆದಿದ್ದಾರೆ. ಊರ ಹೆಸರನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದು; ತಾಲ್ಲೂಕಿನ ಪುಟಕ್ಕೆ ಹೋಗಿ ಕಣ್ಣಾಡಿಸಬೇಕು.

ಬಳ್ಳಾರಿ ಕಡೆ ಇನ್ನೊಂದು ತರಹ. 1953ರ ಅಕ್ಟೋಬರ್ 1ರ ತನಕ ಮದ್ರಾಸು. ಆ ದಿನ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. 1882ರ ಮುಂಚೆ ಅನಂತಪುರವೂ ಬಳ್ಳಾರಿಯೊಳಗೇ ಇತ್ತು, ಹಾಗಾಗಿ 1871ರ ಬಳ್ಳಾರಿ ಅಂಕಿಯನ್ನು ನಂತರದ ಬಳ್ಳಾರಿಯ ಜೊತೆ ನೇರವಾಗಿ ಹೋಲಿಸಬೇಡಿ. ಸಂಡೂರು ಘೋರ್ಪಡೆಯವರ ಸಂಸ್ಥಾನ, ಅದರ ಲೆಕ್ಕ ಪ್ರತ್ಯೇಕ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಅದಕ್ಕೆ ಸೇರಿವೆ. ಹಳೇ ಕಡತ ಎರಡರಲ್ಲಿ ಯಾವ ಜಿಲ್ಲಾ ಕೇಂದ್ರದಲ್ಲಿದೆ ಅಂತ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ.

ಹಳ್ಳಿವಾರು ಅಂಕಿ ಬೇಕಿದ್ದರೆ 1951ರಿಂದ ಬಂದ ಜಿಲ್ಲಾ ಜನಗಣತಿ ಕೈಪಿಡಿ ನೋಡಿ. ಹಳ್ಳಿಯಲ್ಲಿ ಮನೆ ಎಷ್ಟು, ಜನ ಎಷ್ಟು, ಓದುಬರಹ ಬಲ್ಲವರೆಷ್ಟು, ಯಾವ ಜೀವನೋಪಾಯದವರೆಷ್ಟು ಅಂತ ಸಾಲುಸಾಲಾಗಿ ಇದೆ. 1951ರಲ್ಲಿ ಊರಿನಲ್ಲಿ ನಲವತ್ತೇ ಮನೆ ಇದ್ದವು ಅಂತ ಗೊತ್ತಾದರೆ ಪಹಣಿಯಲ್ಲಿ ಬರುವ ಪ್ರತಿ ಹೆಸರನ್ನೂ ಗುರುತು ಹಾಕಿಕೊಂಡು ಮನೆ ಮನೆ ಜೋಡಿಸಬಹುದು. ನಾನೂರು ಮನೆ ಇದ್ದರೆ ನಿಮ್ಮ ಮನೆತನದ ಅಡ್ಡಹೆಸರು, ಓಣಿ ಗೊತ್ತಿಲ್ಲದೆ ಕೈ ಹಾಕಬೇಡಿ.

ಹಳ್ಳಿ ಅಂದರೆ ಇಲ್ಲಿ ಕಂದಾಯ ಗ್ರಾಮ, ಅದು ನೆನಪಿರಲಿ. ಮಜರೆ, ತಾಂಡಾ, ಕ್ಯಾಂಪಿನ ಜನ ಮೂಲ ಗ್ರಾಮದ ಲೆಕ್ಕದಲ್ಲಿ ಸೇರಿರುತ್ತಾರೆ. ಬೇಚರಾಕ್ ಅಂತ ಬರೆದಿದ್ದರೆ ಜಮೀನಿದೆ, ವಾಸದ ಮನೆ ಇಲ್ಲ. ನಿಮ್ಮ ಊರು ಒಂದು ಗಣತಿಯಲ್ಲಿ ಇದ್ದು ಮುಂದಿನದರಲ್ಲಿ ಬೇಚರಾಕ್ ಆಗಿದ್ದರೆ, ನಡುವಿನ ಹತ್ತು ವರ್ಷದಲ್ಲಿ ಜನ ಎಲ್ಲಿಗೆ ಎದ್ದು ಹೋದರು ಅನ್ನುವುದೇ ನಿಮ್ಮ ಹುಡುಕಾಟದ ಪ್ರಶ್ನೆ.

ಎಡೆದೊರೆ ನಾಡು ಉತ್ತರಿಸಿದ್ದು:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸಹಮತ. ಹೆಸರು ಬೇಕಂದ್ರ ಭೂಮಿ ಕಾಗದಕ್ಕ ಹೋಗ್ರಿ. ಕುಷ್ಟಗಿ ಭಾಗಕ್ಕ ಅನ್ವಯಿಸೋದನ್ನ ಬರೀತೀನಿ.

ಇವತ್ತಿನ ಪಹಣಿಯಿಂದ ಶುರು ಮಾಡ್ರಿ, ಹಿಂದಕ್ಕ ಹೋಗ್ರಿ. ಮುತ್ತಜ್ಜನ ಹೆಸರಿನಿಂದ ಶುರು ಮಾಡಿ ಮುಂದಕ್ಕ ಬರಬ್ಯಾಡ್ರಿ. ಒಂದು ಊರಾಗ ನಾಲ್ಕು ಮಂದಿ ಹನುಮಪ್ಪ ಇರ್ತಾರ, ಸರ್ವೆ ನಂಬರು ಮಾತ್ರ ಒಂದೇ. ಹೊಲದ ಸರ್ವೆ ನಂಬರು ಹಿಡಕೊಂಡು ಒಂದೊಂದೇ ಮ್ಯುಟೇಶನ್ (ಖಾತೆ ಬದಲಾದ ನಮೂದು) ಹಿಂದಕ್ಕ ಸರಿದರ, ಪ್ರತಿ ಪೌತಿ ಖಾತೆಯಲ್ಲೂ ಸತ್ತವರ ಹೆಸರು, ಸತ್ತ ವರ್ಷ, ವಾರಸುದಾರರ ಹೆಸರು ಒಂದೇ ಕಡೆ ಸಿಗತಾವ. ವಂಶಾವಳಿಗೆ ಬೇಕಾದ್ದು ಇಷ್ಟೇ. ನಿಜಾಮರ ಕಾಲದ ಕಾಗದದಾಗ ಇದೇ ಪೌತಿಗೆ ವಿರಾಸತ್ ಅಂತ ಇರ್ತದ.

ಹಿಂದಕ್ಕ ಹೋಗ್ತಾ ಬಹಳ ಮುಖ್ಯ ಮೆಟ್ಟಿಲು 1954–55ರ ಖಾಸ್ರಾ ಪಹಣಿ. ಹೈದರಾಬಾದ್ ರಾಜ್ಯದಾಗ ಹೊಲ ಹೊಲಕ್ಕ ತಿರುಗಿ ಬರೆದದ್ದು ಅದು. ಪಟ್ಟೇದಾರ (ಹೊಲ ಯಾರ ಹೆಸರಿಗೆ ಅದ) ಯಾರು, ಕಬ್ಜಾದಾಗ (ಸ್ವಾಧೀನದಾಗ) ಇದ್ದವ ಯಾರು, ಎರಡೂ ಬೇರೆ ಬೇರೆ ಕಾಲಮ್ಮು. ನಿಮ್ಮವರು 1948ರಾಗ ಊರು ಬಿಟ್ಟವರಾದ್ರ ಪಟ್ಟೇದಾರ ಕಾಲಮ್ಮಿನಾಗ ಅವರ ಹೆಸರು ಇದ್ದು ಕಬ್ಜಾ ಕಾಲಮ್ಮಿನಾಗ ಬ್ಯಾರೇದವರ ಹೆಸರು ಇರಬಹುದು. ಒಂದೇ ಕಾಲಮ್ಮು ನೋಡಿ "ನಮ್ಮವರದಲ್ಲ" ಅಂತ ಬಿಡಬ್ಯಾಡ್ರಿ. ಅದರ ಹಿಂದಿನದು ಸೇತ್ವಾರ್, ಸರ್ವೆ ಆದಾಗ ಮೊದಲ ಪಟ್ಟೇದಾರ ಯಾರಿದ್ದ ಅಂತ ಹೇಳೋ ಕಾಗದ. ಅಣ್ಣತಮ್ಮಂದಿರ ಪೈಕಿ ಹಿರಿಯನ ಹೆಸರಿಗೆ ಪಟ್ಟಾ ಇದ್ದು ಉಳಿದವರು ಶಿಕ್ಮೀದಾರರಾಗಿ, ಅಂದ್ರ ಆ ಪಟ್ಟಾದೊಳಗಿನ ಪಾಲುದಾರರಾಗಿ, ಇರ್ತಾರ. ನಿಮ್ಮ ಮುತ್ತಜ್ಜ ಕಿರಿಯವ ಆಗಿದ್ರ ಅಲ್ಲಿ ಹುಡುಕ್ರಿ.

ಇನಾಂ ಹೊಲ (ಸರ್ಕಾರ ಕೊಡುಗೆಯಾಗಿ ಬಿಟ್ಟ ಹೊಲ) ಇದ್ದವರಿಗೆ ಇನ್ನೂ ಒಳ್ಳೇ ದಾಖಲೆ ಅದ. ಇನಾಂ ಅನುಭೋಗ ಯಾರಿಗೆ ಸಲ್ಲಬೇಕು ಅಂತ ನಿಜಾಮ ಸರ್ಕಾರ ವಿಚಾರಣೆ ಮಾಡಿ ಮುಂತಖಾಬ್ ಅನ್ನೋ ತೀರ್ಮಾನದ ಪತ್ರ ಕೊಡ್ತಿತ್ತು. ಆ ಕಡತದಾಗ ಶಜ್ರಾ ಅಂತ ವಂಶವೃಕ್ಷ ಬರೆದು ಹಚ್ಚಿರ್ತಾರ, ಒಮ್ಮೊಮ್ಮೆ ನಾಲ್ಕೈದು ತಲೆಮಾರಿನ ತನಕ. ಈ ಅತಿಯಾತ್ (ಇನಾಂ ವಿಷಯದ) ಕಡತಗಳಿಗೆ ಹೈದರಾಬಾದಿನ ತಾರ್ನಾಕದಾಗ ಇರೋ ರಾಜ್ಯ ಪತ್ರಾಗಾರಕ್ಕ ಹೋಗಬೇಕು. ಗುಡಿ ಪೂಜಾರಿಕೆ, ಮಠ, ದರ್ಗಾ, ಪಟೇಲ್–ಪಟವಾರಿ ವತನದ ಮನೆತನದವರು ಇದನ್ನ ಮೊದಲು ನೋಡಬೇಕು.

ತಾರೀಖು ನೋಡೋವಾಗ ಜೋಪಾನ. ಎಲ್ಲಾ ಫಸಲಿಯಲ್ಲಿ, ಅಂದ್ರ ಕಂದಾಯದ ವರ್ಷದ ಲೆಕ್ಕದಾಗ, ಇರ್ತದ. ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ 6ರ ಹೊತ್ತಿಗೆ ಆಜರ್ ತಿಂಗಳಿನಿಂದ ಶುರು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗಿನ ತಾರೀಖಾದ್ರ ಫಸಲಿ ಅಂಕಿಗೆ 590 ಕೂಡಿಸಿದರ ಇಸವಿ ಬರ್ತದ, ಜನವರಿಯಿಂದ ಮುಂದಿನದಕ್ಕ 591. 1931ರ ಜನಗಣತಿ ಆದದ್ದು ಫಸಲಿ 1340ರಾಗ. ನಿಮಗೊಂದು ವಿಶೇಷ ತೊಂದರೆ ಅದ: ಹೊಳೆ ಆಚೆ ಮದ್ರಾಸಿನವರದೂ ಫಸಲಿನೇ, ಆದರ ಅದು ಜುಲೈ 1ಕ್ಕ ಶುರು. 1930ರ ಆಗಸ್ಟ್ ತಿಂಗಳು ಹೊಸಪೇಟೆಯಲ್ಲಿ ಫಸಲಿ 1340, ಗಂಗಾವತಿಯಲ್ಲಿ ಇನ್ನೂ 1339. ಎರಡೂ ದಂಡೆ ಕಾಗದ ಒಂದೇ ಪಟ್ಟಿಗೆ ಸೇರಿಸೋವಾಗ ಇಲ್ಲೇ ವರ್ಷ ತಪ್ಪೋದು. ಫಸಲಿ ಅಂಕಿಯನ್ನೂ ಇಸವಿಯನ್ನೂ ಎರಡೂ ಬರೆದಿಡ್ರಿ.

ಬರಹ ಉರ್ದು, ಅದೂ ಶಿಕಸ್ತಾ ಅನ್ನೋ ಗೀಚು ಕೈಬರಹ. ಉರ್ದು ಬಲ್ಲವರೆಲ್ಲ ಅದನ್ನ ಓದಲಾರರು. ತಾಲ್ಲೂಕು ಕೇಂದ್ರದಾಗ ಹಳೇ ದಸ್ತಾವೇಜು ಓದೋ ಹಿರಿಯರು ಒಬ್ಬಿಬ್ಬರು ಇದ್ದೇ ಇರ್ತಾರ, ವಕೀಲರ ಆಫೀಸಿನಾಗ ವಿಚಾರಿಸ್ರಿ. ಓದಿಸೋವಾಗ ನಿಮ್ಮ ಮನೆತನದ ಹೆಸರು ಮೊದಲೇ ಹೇಳಿಕೊಡಬ್ಯಾಡ್ರಿ; ಹೇಳಿದರ ಓದೋವರಿಗೆ ಅದೇ ಹೆಸರು ಕಾಣಿಸ್ತದ. ಉರ್ದುವಿನಾಗ ಲ–ಳ, ನ–ಣ ಭೇದ ಇಲ್ಲ, ಹ್ರಸ್ವ ಎ, ಒ ಬರೆಯೋದಿಲ್ಲ. ಚುಕ್ಕೆ ಬಿಟ್ಟು ಬರೆದಿದ್ರ ಬಸಪ್ಪನ್ನ ಬೇರೆ ಹೆಸರಾಗಿ ಓದಬಹುದು. ಒಂದೇ ಹೆಸರನ್ನ ಎರಡು ಮೂರು ಕಡತದಾಗ ತೋರಿಸಿ ಹೊಂದಿಸಿದ ಮ್ಯಾಲೇ ನಂಬ್ರಿ.

ಕುಷ್ಟಗಿ ಕಡೆಯವ ಮತ್ತೆ ಕೇಳಿದ್ದು:

ಇಬ್ಬರಿಗೂ ಬಹಳ ಧನ್ಯವಾದ. ಇನ್ನೆರಡು ಪ್ರಶ್ನೆ. ತಾಯಿ ಕಡೆಯ ಊರು ಈಗ ನೀರಿನಲ್ಲಿದೆ, ಪಹಣಿಯೇ ಇಲ್ಲ. ಅಲ್ಲಿಗೆ ಎಲ್ಲಿಂದ ಶುರು ಮಾಡುವುದು? ಇನ್ನು ಅಜ್ಜಿಯ ತವರು ಮನೆಯವರಿಗೆ ಸ್ವಂತ ಹೊಲವೇ ಇರಲಿಲ್ಲ, ಬೇರೆಯವರ ಹೊಲ ಮಾಡುತ್ತಿದ್ದರು. ಅಂಥವರ ಹೆಸರು ಯಾವ ಕಾಗದದಲ್ಲಿ ಇರುತ್ತದೆ?

ಬಲದಂಡೆ ಉತ್ತರಿಸಿದ್ದು:

ಮುಳುಗಡೆ ಊರಿನವರಿಗೆ ಪಹಣಿ ಇಲ್ಲದಿದ್ದರೂ ಅದಕ್ಕಿಂತ ಹೆಚ್ಚು ವಿವರದ ದಾಖಲೆ ಒಂದು ಇದೆ: ಭೂಸ್ವಾಧೀನದ ಅವಾರ್ಡ್, ಅಂದರೆ ಪರಿಹಾರ ಗೊತ್ತುಮಾಡಿದ ಆದೇಶ. ಡ್ಯಾಮಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಆ ಎಂಟು ವರ್ಷದೊಳಗೆ ಮುಳುಗುವ ಪ್ರತಿ ಹೊಲ, ಪ್ರತಿ ಮನೆಯನ್ನು ಅಳೆದು ಬೆಲೆ ಕಟ್ಟಿ ಪರಿಹಾರ ಕೊಡಬೇಕಿತ್ತು. ಅವಾರ್ಡಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು, ಪಾಲುದಾರರು, ಯಾರಿಗೆ ಎಷ್ಟು ಹಣ ಅಂತ ಬರೆಯುತ್ತಾರೆ. ಹೊಲದ ಪಹಣಿಯಲ್ಲಿ ಬಾರದ ವಾಸದ ಮನೆಯೂ ಇಲ್ಲಿ ಬರುತ್ತದೆ. ಹಣ ಸಾಲದು ಅಂತ, ಇಲ್ಲವೇ ಪಾಲಿನ ತಕರಾರು ಅಂತ ಕೋರ್ಟಿಗೆ ಹೋದ ಪ್ರಕರಣವಾದರೆ ಇನ್ನೂ ಒಳ್ಳೆಯದು. ಯಾರು ಯಾರ ಮಗ, ಯಾರು ಯಾರ ಹೆಂಡತಿ, ಯಾವಾಗ ಬೇರೆಯಾದರು ಅಂತ ಹೇಳಿಕೆಗಳಲ್ಲಿ ಬಿಡಿಸಿ ಹೇಳಿರುತ್ತಾರೆ.

ಎರಡು ದಂಡೆ, ಎರಡು ಸರ್ಕಾರ ಅನ್ನುವುದನ್ನು ಇಲ್ಲೂ ಮರೆಯಬೇಡಿ. ಬಲದಂಡೆಯ ಹೊಸಪೇಟೆ, ಹಡಗಲಿ ಊರುಗಳದ್ದು ಮದ್ರಾಸ್ ಸರ್ಕಾರದ ಕಡತ, ಎಡದಂಡೆಯ ಕೊಪ್ಪಳ ಕಡೆಯದ್ದು ಹೈದರಾಬಾದ್ ಸರ್ಕಾರದ್ದು. ಅರ್ಜಿಯಲ್ಲಿ ಊರ ಹೆಸರಷ್ಟೇ ಬರೆದು ದಂಡೆ, ಅಂದಿನ ತಾಲ್ಲೂಕು ಬಿಟ್ಟರೆ ಹುಡುಕುವವರಿಗೂ ಕಷ್ಟ.

ಅರ್ಜಿಗೆ ಮುಂಚೆ ಊರಿನ ಜನ ಎಲ್ಲಿ ಹೋಗಿ ನೆಲೆಸಿದರು ಅಂತ ಪತ್ತೆ ಮಾಡಿ. ನಾರಾಯಣದೇವರ ಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ ಹಾಗೆ ಎಷ್ಟೋ ಊರಿನವರು ಗುಂಪಾಗಿಯೇ ಎದ್ದು ಹೋಗಿದ್ದಾರೆ. ಇಲ್ಲಿ ಜನಗಣತಿ ಕೈಪಿಡಿ ನಿಜವಾಗಿ ಕೆಲಸಕ್ಕೆ ಬರುತ್ತದೆ. 1951 ಮತ್ತು 1961ರ ಹಳ್ಳಿ ಪಟ್ಟಿ ಅಕ್ಕಪಕ್ಕ ಇಟ್ಟುಕೊಳ್ಳಿ. ಮಾಯವಾದ ಹಳ್ಳಿಗಳಿಗೆ ಒಂದು ಗುರುತು ಹಾಕಿ, ಸುತ್ತಲಲ್ಲಿ ಜನಸಂಖ್ಯೆ ಒಮ್ಮೆಲೇ ಏರಿದ ಹಳ್ಳಿಗಳಿಗೆ ಇನ್ನೊಂದು. ಏರಿದ್ದಕ್ಕೆಲ್ಲ ಮುಳುಗಡೆಯೇ ಕಾರಣ ಅಂದುಕೊಳ್ಳಬೇಡಿ, ಕಾಲುವೆ ನೀರು ಬಂದ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಅದೇ ಕಾಲದವು. ಹೊಸ ಊರಿನಲ್ಲಿ ಹಳೇ ಊರಿನ ದೇವರ ಗುಡಿಯನ್ನು ಮತ್ತೆ ಕಟ್ಟಿರುತ್ತಾರೆ. ಆ ಗುಡಿಯ ದೈವಸ್ಥರನ್ನು ಕೇಳಿದರೆ ಯಾವ ಓಣಿ ಯಾವ ಮುಳುಗಡೆ ಊರಿನದು ಅಂತ ಹೇಳುತ್ತಾರೆ.

ಬಳ್ಳಾರಿ ಕಡೆಯ ಸಾಮಾನ್ಯ ಭೂದಾಖಲೆಗೆ ಹೆಸರೇ ಬೇರೆ. ಪಹಣಿಗೆ ಅಡಂಗಲ್, ಊರ ಲೆಕ್ಕ ಬರೆಯುವ ಪಟವಾರಿಯ ಜಾಗದಲ್ಲಿ ಕರಣಂ. ಮನ್ರೋ ಕಾಲದಿಂದ ಇಲ್ಲಿ ರೈತವಾರಿ ಪದ್ಧತಿ, ಅಂದರೆ ರೈತನ ಹೆಸರಿಗೇ ಪಟ್ಟಾ. ಹಾಗಾಗಿ ಜಾಗೀರಿನ ಊರಿಗಿಂತ ಇಲ್ಲಿ ಸಣ್ಣ ರೈತನ ಹೆಸರು ಸರ್ಕಾರದ ಪುಸ್ತಕದಲ್ಲಿ ಸಿಗುವ ಸಂಭವ ಹೆಚ್ಚು. ಇನಾಂ ಇದ್ದವರು 1860ರ ಸುಮಾರಿನ ಇನಾಂ ಕಮಿಷನ್ನಿನ ರಿಜಿಸ್ಟರಿನ ನಕಲು ಕೇಳಿ. ಇನಾಂ ಮೊದಲು ಪಡೆದವನ ಹೆಸರು, ಆಗ ಅನುಭವಿಸುತ್ತಿದ್ದವನ ಹೆಸರು, ಅವನ ವಯಸ್ಸು ಅದರಲ್ಲಿ ಬರುತ್ತವೆ. ಮದ್ರಾಸ್ ಕಾಲದ ಮೇಲ್ಮಟ್ಟದ ಕಂದಾಯ ಕಡತಕ್ಕೆ ಚೆನ್ನೈನ ಎಗ್ಮೋರಿನ ಪತ್ರಾಗಾರ.

ಇನ್ನೊಂದು ಅನುಕೂಲ: ಮದ್ರಾಸಿನಲ್ಲಿ ಜನನ ಮರಣ ನೋಂದಣಿಗೆ 1899ರಷ್ಟು ಹಿಂದೆಯೇ ಕಾಯ್ದೆ ಇತ್ತು. ಹುಡುಕುವಾಗ ಮಗುವಿನ ಹೆಸರಿಂದ ಹೋಗಬೇಡಿ. ಹೆಸರಿಡುವ ಮುಂಚೆಯೇ ಬರೆಸಿದ್ದರಿಂದ ಬಹಳ ಕಡೆ "ಗಂಡು", "ಹೆಣ್ಣು" ಅಂತಷ್ಟೇ ಇರುತ್ತದೆ. ತಂದೆಯ ಹೆಸರು, ಊರು, ಅಂದಾಜು ವರ್ಷದಿಂದ ಹೋಗಿ. ಹಿಂದೆ ಮುಂದೆ ಮೂರು ಮೂರು ವರ್ಷ ಸೇರಿಸಿಕೊಳ್ಳಿ. ಕ್ರೈಸ್ತ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನ, ಮದುವೆ ರಿಜಿಸ್ಟರು ಇದಕ್ಕಿಂತ ಹಳೆಯವು. ಲಂಡನ್ ಮಿಷನ್ ಬಳ್ಳಾರಿಗೆ ಬಂದದ್ದೇ 1810ರಲ್ಲಿ. ಮುಸ್ಲಿಂ ಮನೆತನದವರು ಖಾಜಿಯವರ ಹತ್ತಿರದ ನಿಕಾಹ್ ಪುಸ್ತಕ ಕೇಳಬೇಕು.

ಹಳೇ ಕಡತ ಉತ್ತರಿಸಿದ್ದು:

ಹೊಲ ಇಲ್ಲದವರ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ವಂಶಾವಳಿ ಅಂದರೆ ಗೌಡರ, ದೇಸಾಯರ ಮನೆಯದು ಅನ್ನುವ ಭಾವನೆ ಹೋಗಬೇಕು. ದುಡಿದವರ ಹೆಸರೂ ಕಾಗದದಲ್ಲಿದೆ, ಹುಡುಕುವವರು ಕಡಿಮೆ ಅಷ್ಟೇ.

ಬೇರೆಯವರ ಹೊಲ ಮಾಡುತ್ತಿದ್ದವರಾದರೆ ಮೊದಲು ನೋಡಬೇಕಾದ್ದು ಫಾರಂ ನಂಬರ್ 7. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರು ತಾವು ಉಳುವ ಹೊಲದ ಅಧಿಭೋಗದಾರಿಕೆ (ಒಡೆತನದ) ಹಕ್ಕಿಗೆ ಭೂ ನ್ಯಾಯಮಂಡಳಿಗೆ ಈ ಫಾರಂ ಕೊಟ್ಟರು. ಗಡುವು 1979ರ ಜೂನ್ 30ರ ತನಕ ಹೋಯಿತು. ಫಾರಂ ಒಂದೇ ಪುಟ, ಅದರ ನಕಲು ಮಾತ್ರ ಕೇಳಿದರೆ ಹೆಚ್ಚೇನೂ ಸಿಗದು. ಇಡೀ ಕಡತ ಕೇಳಿ. "ಈ ಹೊಲವನ್ನು ನಮ್ಮ ಅಜ್ಜನ ಕಾಲದಿಂದ ಮಾಡುತ್ತಿದ್ದೇವೆ, ಅಜ್ಜನ ಹೆಸರು ಇಂಥದ್ದು" ಅನ್ನುವ ಮಾತು ಬರುವುದು ಅದರೊಳಗಿನ ಹೇಳಿಕೆ, ಪಾಟೀಸವಾಲುಗಳಲ್ಲಿ. ಅರ್ಜಿ ವಜಾ ಆಗಿದ್ದರೂ ಪರವಾಗಿಲ್ಲ, ನಿಮಗೆ ಬೇಕಾದ್ದು ತೀರ್ಪಲ್ಲ.

ತಳವಾರ, ವಾಲೀಕಾರ, ನೀರಗಂಟಿ ಇಂಥ ಊರ ಚಾಕರಿ ಮಾಡಿದ ಮನೆತನವಾದರೆ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಡಿ ಚಾಕರಿ ಜಮೀನು ಮರುಮಂಜೂರು ಮಾಡಿದ ಕಡತ ನೋಡಿ. ಹುದ್ದೆ ವಂಶಪಾರಂಪರ್ಯ ಅಂತ ತೋರಿಸಬೇಕಿದ್ದರಿಂದ ವಂಶವೃಕ್ಷ ಹಚ್ಚಿರುತ್ತಾರೆ.

ಆಮೇಲೆ ಶಾಲೆಯ ದಾಖಲಾತಿ ರಿಜಿಸ್ಟರು. ಹಳೇ ಸರ್ಕಾರಿ ಶಾಲೆಗಳಲ್ಲಿ ತಂದೆಯ ಹೆಸರು, ಜಾತಿ, ಕಸುಬು, ಹಿಂದಿನ ಊರು ಸಿಗುತ್ತವೆ. ಹುಟ್ಟಿದ ತಾರೀಖು ಜೂನ್ 1 ಅಂತಿದ್ದರೆ ಅದು ಹೆಡ್‌ಮಾಸ್ತರರು ಹಾಕಿದ್ದು. ವರ್ಷವನ್ನೂ ಅಂದಾಜು ಅಂತಲೇ ಹಿಡಿಯಿರಿ. ಮತದಾರರ ಪಟ್ಟಿ ಇನ್ನೊಂದು. 2002ರ ಪಟ್ಟಿ ಈಗ ಜಾಲತಾಣದಲ್ಲೇ ಇದೆ, ಆಗ ಎಂಬತ್ತು ವರ್ಷ ಅಂತ ಇರುವವರು 1922ರ ಸುಮಾರಿಗೆ ಹುಟ್ಟಿದವರು. ಮನೆ ನಂಬರಿನ ಪ್ರಕಾರ ಜೋಡಿಸಿದರೆ ಒಂದೇ ಓಣಿಯ ಅಣ್ಣತಮ್ಮಂದಿರ ಮನೆಗಳು ತಾವಾಗಿ ಕಾಣುತ್ತವೆ. ಹೆಣ್ಣುಮಕ್ಕಳ ಜಾಡು ಸಿಗುವುದೂ ಇಲ್ಲೇ ಜಾಸ್ತಿ: "ಗಂಡ" ಅಂತ ಇರುವ ಕಡೆ ಗಂಡನ ಹೆಸರು, ಅದರಿಂದ ಅವರು ಸೇರಿದ ಮನೆ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ಮಾತ್ರ ಆಧಾರ ಅಂತ ಇಟ್ಟುಕೊಳ್ಳಬೇಡಿ. ಅದು ಅರ್ಜಿದಾರರು ಹೇಳಿದ್ದನ್ನು ಸ್ಥಳ ವಿಚಾರಣೆ ಮಾಡಿ ಕೊಡುವ ಪತ್ರ, ಹಳೇ ದಾಖಲೆ ಅಲ್ಲ.

ಅರ್ಜಿಯ ರೀತಿ: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನೇರ ನಕಲು ಅರ್ಜಿ ಹಾಕುವುದೇ ಮೊದಲ ದಾರಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತ ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಹೋಗುವುದಾದರೆ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ನಮ್ಮ ಮನೆತನದ ಎಲ್ಲಾ ದಾಖಲೆ ಕೊಡಿ" ಅಂದರೆ ಅದು ಯಾವ ಗುಮಾಸ್ತರಿಂದಲೂ ಆಗದ ಕೆಲಸ. "ಇಂಥ ಗ್ರಾಮ, ಇಂಥ ಸರ್ವೆ ನಂಬರು, 1954–55ರ ಖಾಸ್ರಾ ಪಹಣಿಯ ದೃಢೀಕೃತ ನಕಲು" ಅಂತ ಕೇಳಿ. ಮುಂದಿನ ವರ್ಷದ್ದಕ್ಕೆ ಮತ್ತೊಂದು ಅರ್ಜಿ.

ಎಡೆದೊರೆ ನಾಡು ಉತ್ತರಿಸಿದ್ದು:

ಕಾಗದ ಕಾಗದ ಅಂತ ಹೆಳವರನ್ನ ಎಲ್ಲರೂ ಮರತೀವಿ. ಸುಗ್ಗಿ ಮುಗಿದ ಮ್ಯಾಲೆ ಎತ್ತಿನ ಮ್ಯಾಲೆ ಗಂಟೆ ಬಾರಿಸ್ತಾ ಬಂದು ಮನೆತನದ ಹಿರೇರ ಹೆಸರು ಹಾಡಿ ಹೇಳೋರು ಅವರು. ಒಂದೊಂದು ಹೆಳವ ಮನೆತನಕ್ಕ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೆ ಇರ್ತದ. ನಿಮ್ಮ ಮನೆಗೆ ಈಗ ಬರದಿದ್ರೂ ಕುಷ್ಟಗಿಯ ಮೂಲ ಊರಿನಾಗ ನಿಮ್ಮ ಬೆಡಗಿನವರ (ಒಂದೇ ಕುಲದವರ) ಮನೆಗೆ ಬರ್ತಿರಬಹುದು, ಅಲ್ಲಿ ವಿಚಾರಿಸ್ರಿ. ಬಂದಾಗ ದವಸ, ದಕ್ಷಿಣೆ ಕೊಟ್ಟು ಗೌರವದಿಂದ ಕೂಡಿಸ್ರಿ, ಒಪ್ಪಿಗೆ ಕೇಳಿ ಧ್ವನಿ ರೆಕಾರ್ಡ್ ಮಾಡ್ರಿ. ಅವರ ಹತ್ತಿರ ಪುಸ್ತಕ ಇದ್ರ ನಿಮ್ಮ ಮನೆತನದ ಪುಟದಷ್ಟೇ ಫೋಟೋ ಕೇಳ್ರಿ, ಉಳಿದದ್ದು ಬ್ಯಾರೇ ಮನೆಯವರದು.

ಬಲದಂಡೆ ಉತ್ತರಿಸಿದ್ದು:

ಹೆಳವರ ಮಾತಿಗೆ ನನ್ನ ಒಂದು ಸೇರಿಕೆ. ಅಲ್ಲಿ ಹೆಸರಿನ ಸಾಲು ಚೆನ್ನಾಗಿ ಉಳಿದಿರುತ್ತದೆ, ವರ್ಷ ಇರುವುದಿಲ್ಲ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಎರಡು ತಲೆಮಾರು ಒಂದರೊಳಗೊಂದು ಕೂಡಿಹೋಗುವುದೂ ಉಂಟು. ಹೆಳವರು ಹೇಳಿದ ಸಾಲನ್ನು ಎರಡು ಕಡೆಯಾದರೂ ತಾರೀಖಿರುವ ಕಾಗದಕ್ಕೆ ಕಟ್ಟಬೇಕು: ಒಂದು ವಿರಾಸತ್, ಒಂದು ನೋಂದಾಯಿತ ಕ್ರಯಪತ್ರ ಇದ್ದರೆ ಸಾಕು. ಕ್ರಯಪತ್ರಕ್ಕೆ ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿಯೇ ಬೇರೆ, ಆಸ್ತಿಯ ಸೂಚಿಯೇ ಬೇರೆ. ಸರ್ವೆ ನಂಬರು ಗೊತ್ತಿಲ್ಲದವರು ಹೆಸರಿನ ಸೂಚಿ ನೋಡಲು ಕೇಳಬೇಕು.

ವಯಸ್ಸಿನ ವಿಷಯದಲ್ಲಿ ಯಾವ ದಾಖಲೆಯನ್ನೂ ಅಕ್ಷರಶಃ ಹಿಡಿಯಬೇಡಿ. ಹಳೇ ಜನಗಣತಿ ಕೋಷ್ಟಕದಲ್ಲಿ 30, 40, 50ರ ವಯಸ್ಸಿನವರು ಗುಡ್ಡೆ ಬಿದ್ದಿರುತ್ತಾರೆ, 39, 41ರವರು ಬೆರಳೆಣಿಕೆ. ಜನ ವಯಸ್ಸನ್ನು ಹತ್ತರ ಲೆಕ್ಕದಲ್ಲಿ ಹೇಳುತ್ತಿದ್ದರು. ಕಡತದಲ್ಲಿ "ಉಮರ್ 50" (ವಯಸ್ಸು 50) ಅಂತಿದ್ದರೆ 45ರಿಂದ 55 ಅಂತ ಓದಿ. ಹಿರಿಯರು ಹೇಳುವ ಸಂವತ್ಸರ ಇದಕ್ಕಿಂತ ಗಟ್ಟಿ. ಧಾತು–ಈಶ್ವರದ ಬರ ಅಂದರೆ 1876–78. 1918ರ ಇನ್‌ಫ್ಲುಯೆಂಜಾ ಬಿದ್ದದ್ದು ಕಾಳಯುಕ್ತಿ ಸಂವತ್ಸರದಲ್ಲಿ. "ಧಾತು ಬರದಾಗ ನಮ್ಮವ್ವ ಕೈಗೂಸು" ಅನ್ನುವ ಮಾತು ಮನೆಯಲ್ಲಿ ಉಳಿದಿದ್ದರೆ ಹುಟ್ಟಿದ ವರ್ಷ ಒಂದೆರಡು ವರ್ಷದ ಅಂತರಕ್ಕೆ ಸಿಕ್ಕ ಹಾಗೆ. ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬರುವುದರಿಂದ ಯಾವ ಸುತ್ತಿನದು ಅಂತ ತಲೆಮಾರು ಎಣಿಸಿ ನೋಡಿ. ಪ್ರಭವ 1867, 1927, 1987ರಲ್ಲಿ ಬಂದಿದೆ, ಅಲ್ಲಿಂದ ಎಣಿಸಬಹುದು.

ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಗಣತಿದಾರರಿಗೆ ಹೇಳುವ ಉತ್ತರಗಳ ಜೊತೆಗೆ ಇವನ್ನೂ ನಿಮ್ಮ ಮನೆಯ ವಹಿಯಲ್ಲಿ ಬರೆದು ದಿನಾಂಕ ಹಾಕಿ: ಎಲ್ಲರ ಪೂರ್ತಿ ಹೆಸರು, ಹುಟ್ಟಿದೂರು, ಸೊಸೆಯಂದಿರ ತವರೂರು ಮತ್ತು ಅವರ ತಂದೆತಾಯಿಯ ಹೆಸರು, ಮನೆತನದ ಅಡ್ಡಹೆಸರು, ಮನೆದೇವರು, ಹೊಲದ ಸರ್ವೆ ನಂಬರು. ನೀರು ತಾಗಿದರೆ ಹರಡುವ ಶಾಯಿಯ ಪೆನ್ನು ಬೇಡ; ಬಾಲ್ ಪೆನ್ನಿನಲ್ಲಿ ಬರೆದು ಒಂದು ನಕಲು ಬೇರೆ ಊರಿನ ದಾಯಾದಿಯ ಮನೆಯಲ್ಲಿ ಇಡಿ.